ಗೋರಿ ಮೇಲಿನ ದೇವದೂತರ ಫೋಟೋ ತೆಗೆಯುವವರು ಯಾರಾದರೂ ಇದ್ದೀರಾ? ಬೆಳಗಾವಿಯ ಒಂದು ಅಳಿಸಿದ ಹೆಸರಿನ ಬಗ್ಗೆ ಸಹಾಯ ಬೇಕು

ಕೋಟೆಕೆರೆ ದಂಡೆ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಸುತ್ತಾಟಕ್ಕೆ ಅಂತ ಯಾವ ಊರಿಗೆ ಹೋದರೂ ನಾನು ಮೊದಲು ವಿಚಾರಿಸುವುದು ಅಲ್ಲಿಯ ಹಳೆಯ ಸಿಮಿಟ್ರಿ ಎಲ್ಲಿದೆ ಅಂತ. ಗೋರಿಗಳ ಮೇಲೆ ನಿಂತ ಕಲ್ಲಿನ ದೇವದೂತರು, ತಲೆ ಬಾಗಿಸಿ ಕೂತ ಹೆಂಗಸರು, ಮಲಗಿದ ಕುರಿಮರಿ, ಅರ್ಧಕ್ಕೆ ಮುರಿದ ಕಂಬ, ಇವುಗಳ ಫೋಟೋ ತೆಗೆಯಲು ಶುರು ಮಾಡಿ ಹನ್ನೆರಡು ವರ್ಷವಾಯಿತು. ಮೊದಲ ಸಲ ಮುಂಬೈಯ ಶಿವಡಿಯಲ್ಲಿ. ಅಕ್ಕನ ಮನೆಗೆ ಹೋಗಿದ್ದಾಗ, ಮಳೆ ನಿಂತ ಒಂದು ಬೆಳಗ್ಗೆ ಒಳಗೆ ಕಾಲಿಟ್ಟೆ. ಪಾಚಿ ಹಿಡಿದ ಅಮೃತಶಿಲೆಯ ರೆಕ್ಕೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನದ ತನಕ ಹೊರಗೆ ಬರಲಿಲ್ಲ.

ಆಮೇಲೆ ಕೋಲ್ಕತ್ತದ ಸೌತ್ ಪಾರ್ಕ್ ಸ್ಟ್ರೀಟ್ ಸಿಮಿಟ್ರಿ. ಅದು 1767ರಲ್ಲಿ ತೆರೆದದ್ದು. ದೇವದೂತರನ್ನು ಹುಡುಕಿಕೊಂಡು ಹೋದವಳಿಗೆ ಅಲ್ಲಿ ಸಿಕ್ಕಿದ್ದು ಪಿರಮಿಡ್ಡು, ಮೊನಚು ಕಂಬ, ಗುಮ್ಮಟ. ರೆಕ್ಕೆಯ ಮೂರ್ತಿಗಳ ಕಾಲ ಇನ್ನೂ ಬಂದಿರಲಿಲ್ಲ. ನನ್ನ ತಮ್ಮ ಕೆಲಸದ ಮೇಲೆ ಇಟಲಿಯಲ್ಲಿದ್ದಾಗ ರೋಮ್ ಮತ್ತು ಜಿನೋವಾ ನೋಡಿದೆ. ರೋಮಿನ ಒಂದು ಸಿಮಿಟ್ರಿಯಲ್ಲಿ ವಿಲಿಯಂ ವೆಟ್‌ಮೋರ್ ಸ್ಟೋರಿ ಅನ್ನುವ ಶಿಲ್ಪಿ ತನ್ನ ಹೆಂಡತಿಗಾಗಿ 1894ರಲ್ಲಿ ಕೆತ್ತಿದ ದೇವದೂತ ಇದೆ. ಮೊಣಕಾಲೂರಿ, ಸಮಾಧಿ ಪೀಠದ ಮೇಲೆ ಮುಖ ಮುಚ್ಚಿಕೊಂಡು ಬಿದ್ದಿದೆ, ರೆಕ್ಕೆಗಳು ಎರಡೂ ಕಡೆ ಜೋತಿವೆ. ಮುಖ ಕಾಣುವುದೇ ಇಲ್ಲ. ಬೆನ್ನು ಮತ್ತು ರೆಕ್ಕೆಯಲ್ಲೇ ಇಡೀ ಅಳು ಇದೆ. ಮರುವರ್ಷ ಸ್ಟೋರಿಯೂ ತೀರಿಕೊಂಡ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕ್ಯಾಂಪ್ ಕಡೆಯ ಹಳೆಯ ಸಿಮಿಟ್ರಿಯೊಂದರಲ್ಲಿ ಮೊಣಕಾಲೆತ್ತರದ ಪುಟ್ಟ ದೇವದೂತನ ಮೂರ್ತಿ ಇದೆ. 2014ರಲ್ಲಿ ಅದರ ಹನ್ನೊಂದು ಫೋಟೋ ತೆಗೆದಿದ್ದೆ. ಎರಡು ತಿಂಗಳ ಹಿಂದೆ ಇಂಗ್ಲೆಂಡಿನಿಂದ ಒಬ್ಬ ವಯಸ್ಸಾದ ಹೆಣ್ಣುಮಗಳು ಅವುಗಳಲ್ಲಿ ಒಂದನ್ನು ನೋಡಿ ಪತ್ರ ಬರೆದರು. ಅವರ ಮನೆತನದ ಒಂದು ಮಗುವನ್ನು ಬೆಳಗಾವಿಯಲ್ಲಿ ಮಣ್ಣು ಮಾಡಿ, ಮೇಲೆ ಸಣ್ಣ ದೇವದೂತನನ್ನು ನಿಲ್ಲಿಸಿದ್ದರಂತೆ. "ಕೆಳಗೆ ಏನು ಬರೆದಿದೆ, ಹೇಳುತ್ತೀರಾ?" ಅಂತ ಕೇಳಿದ್ದಾರೆ.

ಹನ್ನೊಂದೂ ಫೋಟೋ ತೆಗೆದು ನೋಡಿದೆ. ಮುಖ ಇದೆ, ಬೆರಳು ಇವೆ, ರೆಕ್ಕೆಯ ಅಂಚಿಗೆ ಬಿದ್ದ ಬಿಸಿಲು ಇದೆ. ಪೀಠದ ಅಕ್ಷರ ಒಂದರಲ್ಲೂ ಇಲ್ಲ. ಮರುದಿನ ಓಡಿಹೋಗಿ ನೋಡಿದರೆ ಕಲ್ಲು ಬರಿದಾಗಿದೆ. ಆಗ ಅಲ್ಲಿ ಕಪ್ಪು ಅಕ್ಷರಗಳಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಓದಿರಲಿಲ್ಲ.

ನಿಮ್ಮಲ್ಲಿ ಯಾರ ಹತ್ತಿರವಾದರೂ ಹಳೆಯ ಫೋಟೋ ಇದೆಯೇ? ನೀವು ಇಂಥ ಮೂರ್ತಿಗಳನ್ನು ಹೇಗೆ ತೆಗೆಯುತ್ತೀರಿ, ಏನೇನು ಗಮನಿಸುತ್ತೀರಿ, ಅದನ್ನೂ ಬರೆಯಿರಿ.

ಬಿಳಿಜೋಳ, ವಿಜಯಪುರ

ಅಕ್ಕಾರ, ಓದಿ ಮನಸ್ಸು ಭಾರ ಆತು. ಫೋಟೋ ನನ್ನ ಕಡೆ ಇಲ್ರಿ. ನಮ್ಮ ಮನ್ಯಾಗ ಮಸಣಕ್ಕ ಹೋಗಿ ಬಂದ್ರ ತಲಿಮ್ಯಾಲೆ ನೀರ ಹಾಕ್ಕೊಂಡ ಒಳಗ ಬರಬೇಕು, ಸುಮ್ಮಸುಮ್ಮನ ಹೋಗೋದು ಅಂತೂ ಇಲ್ಲ. ಆದ್ರ ವಿಜಾಪುರದಾಗ ಹುಟ್ಟಿ ಬೆಳೆದವ್ರಿಗೆ ಗೋರಿ ಅಂದ್ರ ಅಂಜಿಕಿ ಹ್ಯಾಂಗ ಬರ್ತದ? ಸಾಲಿ ಹುಡುಗ್ರಿದ್ದಾಗಿಂದ ಗೋಳಗುಮ್ಮಟದಾಗ ಒದರಿ ಬೆಳೆದವ್ರು ನಾವು.

ನಮ್ಮಲ್ಲಿ ಮೂರ್ತಿ ಇಲ್ಲ, ರೆಕ್ಕಿ ಇಲ್ಲ. ಆದ್ರೂ ಗೋರಿ ಮಾತಾಡ್ತಾವ. ಗಂಡಸರ ಗೋರಿ ಮ್ಯಾಲೆ ನಡುವ ಕಲಮದಾನಿಯಂಗ, ಅಂದ್ರ ಲೇಖನಿ ಇಡೋ ಪೆಟಗಿಯಂಗ, ಉಬ್ಬಿದ ಏಣು ಇರ್ತದ, ಹೆಣ್ಣಮಕ್ಕಳದ್ದು ಪಾಟಿಯಂಗ ಸಪಾಟ ಇರ್ತದ. ಇಲ್ಲಿ ಸಾಠ ಕಬರ, ಅಂದ್ರ ಅರವತ್ತು ಗೋರಿ, ಅನ್ನೋ ಜಾಗಾಕ್ಕ ಹೋದ್ರ ಸಾಲಿಗೆ ಸಾಲ ಸಪಾಟ ಗೋರಿ. ಆದಿಲಶಾಹಿ ಸರದಾರ ಅಫಜಲಖಾನ 1659ರಾಗ ಶಿವಾಜಿ ಮ್ಯಾಲೆ ದಂಡೆತ್ತಿ ಹೋಗೂಕಿಂತ ಮೊದಲ ತನ್ನ ಹೆಂಡಂದಿರನ್ನ ಕೊಂದು ಹೋದ ಅಂತ ಹೇಳ್ತಾರ. ಕಥಿ ಎಷ್ಟರ ಮಟ್ಟಿಗೆ ಖರೆ ಆಗಿರಲಿ, ಆ ಗೋರಿಗಳ ಮ್ಯಾಲೆ ಒಂದು ಹೆಸರಿಲ್ಲ. ನಾ ಅಲ್ಲಿ ಫೋಟೋ ತಗದಾಗ ಒಂದೊಂದನ್ನ ಬ್ಯಾರೆ ಬ್ಯಾರೆ ತಗಿಲಿಲ್ಲ, ಕಟ್ಟಿಯ ತುದಿಗೆ ಕುಂತು ಎಲ್ಲಾನೂ ಒಂದ ಚೌಕಟ್ಟಿನ್ಯಾಗ ತಂದೆ. ಒಂಟಿ ಗೋರಿ ತಗದ್ರ ಅದು ಕಲ್ಲು ಅಷ್ಟ. ಎಲ್ಲಾ ಕೂಡಿ ಬಂದ್ರ ಏನಾಗಿತ್ತು ಅನ್ನೋದು ತಿಳೀತದ.

ಇನ್ನೊಂದು. 1656ರಾಗ ಮುಗಿದ ಗೋಳಗುಮ್ಮಟದ ಒಳಗ ಕಟ್ಟಿ ಮ್ಯಾಲೆ ಕಾಣೋವು ತೋರಿಕಿ ಗೋರಿ. ಖರೇ ಗೋರಿ ಕೆಳಗ ನೆಲಮಾಳಿಗ್ಯಾಗ ಅದಾವ. ಹೊರಗಿನವ್ರು ಗುಮ್ಮಟದ್ದ ಸಾವಿರ ಫೋಟೋ ತಗೀತಾರ, ಆದ್ರ ಮಹಮ್ಮದ ಆದಿಲಶಾಹನ ಬಾಜೂಕ ಮಲಗಿದವ್ರು ಯಾರು ಅಂತ ಕೇಳೋರು ಕಡಿಮಿ.

ಓರೆ ಬೆಳಕು, ಬಾಗಲಕೋಟೆ

ಮೇಡಂ, ನಾನು ಮದುವೆ ಫೋಟೋಗ್ರಾಫರ್, ಬಿಡುವಿದ್ದಾಗ ಕಲ್ಲು ಹುಡುಕಿಕೊಂಡು ಹೋಗುವವನು. ತೆಗೆಯುವ ರೀತಿ ಕೇಳಿದ್ದೀರಿ, ನನಗೆ ತಿಳಿದಷ್ಟು ಬರೆಯುತ್ತೇನೆ.

ಬಿಳಿ ಅಮೃತಶಿಲೆ ಕ್ಯಾಮೆರಾಕ್ಕೆ ಮೋಸ ಮಾಡುತ್ತದೆ. ಚೌಕಟ್ಟಿನ ತುಂಬ ಬಿಳಿ ಇದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಅದನ್ನು ಬೂದು ಮಾಡಿಬಿಡುತ್ತದೆ. ಮೋಡ ಇದ್ದ ದಿನ ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ, ಅಂದರೆ ಎರಡು ಪಟ್ಟು ಬೆಳಕು ಕೊಡಿ. ಬಿಸಿಲು ಬಿದ್ದ ಮೂರ್ತಿಯಾದರೆ ಮೂಗು, ಹಣೆ ಸುಟ್ಟುಹೋಗದಂತೆ ನೋಡಿಕೊಳ್ಳಬೇಕು. ನಾವು ನಿಂತ ಎತ್ತರದಿಂದ ಬಗ್ಗಿ ತೆಗೆದರೆ ಮೂರ್ತಿ ಗೊಂಬೆಯಂತೆ ಕಾಣುತ್ತದೆ, ಅದರ ಕಣ್ಣಿನ ಮಟ್ಟಕ್ಕೆ ಕೂತು ತೆಗೆಯಿರಿ. ನಡುಹಗಲ ಬಿಸಿಲಿನಲ್ಲಿ ಹೋಗಲೇಬೇಡಿ. ಬೆಳಗಾವಿಯಲ್ಲಿ ಜಿಟಿಜಿಟಿ ಮಳೆ ಬಿಟ್ಟ ಮೇಲಿನ ಒಂದು ಗಂಟೆ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಬೆಳಕು ಅಮೃತಶಿಲೆಗೆ ನಾನು ಕಂಡಿಲ್ಲ.

ಅಕ್ಷರಕ್ಕೆ ಮಾತ್ರ ಇದು ಉಲ್ಟಾ. ಅದಕ್ಕೆ ಬೇಕಾದದ್ದು ಓರೆ ಬೆಳಕು. ಕಲ್ಲಿಗೆ ಕೊಡೆ ಹಿಡಿದು ನೆರಳು ಮಾಡಿ, ಪಕ್ಕದಿಂದ ಒಂದು ಕನ್ನಡಿಯಲ್ಲಿ ಬಿಸಿಲನ್ನು ಹಿಡಿದು ಕಲ್ಲಿನ ಮೈಗೆ ಸವರಿದಂತೆ ಬಿಡಿ. ಎದುರಿನಿಂದ ಬರಿ ಕಲ್ಲು ಅಂತ ಕಂಡದ್ದರಲ್ಲಿ ಸಾಲುಗಳು ಏಳುತ್ತವೆ. ದಯವಿಟ್ಟು ಯಾರೂ ಸೀಮೆಸುಣ್ಣ, ಹಿಟ್ಟು, ಶೇವಿಂಗ್ ನೊರೆ ಹಚ್ಚಬೇಡಿ. ತಂತಿ ಬ್ರಷ್ ಅಂತೂ ಮುಟ್ಟಿಸಲೇಬೇಡಿ. ಒಂದು ಫೋಟೋ ಸಿಗುತ್ತದೆ, ಕಲ್ಲು ಹೋಗುತ್ತದೆ.

ಮಲಪ್ರಭೆಯ ಮಗ, ಬಾದಾಮಿ

ಅಕ್ಕಾರ, ದೇವದೂತರು ಅಂದ್ರ ಇಟಲಿಗೆ ಹೋಗಬೇಕಂತಿಲ್ಲ. ಮಹಾಕೂಟದಿಂದ ಐಹೊಳೆ ತನಕ ಯಾವುದರ ಹಳ್ಳಿಯ ಕೆರಿ ಏರಿ ಮ್ಯಾಲೆ ನಿಂತ ನೋಡ್ರಿ, ವೀರಗಲ್ಲು ಸಿಗ್ತದ. ಕೆಳಗಿನ ಪಟ್ಟಿಯೊಳಗ ಕಾಳಗ, ತುರು ಕಾಯಲಿಕ್ಕೆ ಹೋಗಿ ಬಿದ್ದ ವೀರ. ನಡುವಿನ ಪಟ್ಟಿಯೊಳಗ ಅಪ್ಸರೆಯರು ಅವನ ಎರಡೂ ತೋಳಿಗೆ ಕೈಹಾಕಿ ಎತ್ತಿಕೊಂಡು ಹೊಂಟಿರ್ತಾರ. ಮ್ಯಾಲಿನ ಪಟ್ಟಿಯೊಳಗ ಲಿಂಗದ ಮುಂದ ಕೈಮುಗಿದು ಕುಂತಿರ್ತಾನ, ಅದರ ಮ್ಯಾಲೆ ಸೂರ್ಯ ಚಂದ್ರ. ಸತ್ತವನನ್ನ ಎತ್ತಿಕೊಂಡು ಹೋಗೋರು ನಮ್ಮಲ್ಲೂ ಇದ್ದರ್ರೀ.

ರೆಕ್ಕಿ ಮಾತ್ರ ಇಲ್ಲ. ನಮ್ಮ ಶಿಲ್ಪಿಗೆ ರೆಕ್ಕಿ ಬೇಕಾಗಿದ್ದಿಲ್ಲ. ಬಾದಾಮಿಯ ಮೂರನೇ ಗುಹೆ 578ರದ್ದು. ಅಲ್ಲಿ, ಐಹೊಳೆಯೊಳಗ, ಹಾರುವ ಗಂಧರ್ವ ಜೋಡಿಗಳನ್ನ ನೋಡ್ರಿ. ಕಾಲು ಹಿಂದಕ್ಕ ಮಡಚಿ, ಸೆರಗು ಗಾಳಿಗೆ ಬಿಟ್ಟು, ಮೈ ಬಿಲ್ಲಿನಂಗ ಬಾಗಿಸಿದ್ರ ಕಲ್ಲು ತಾನ ಹಾರ್ತದ. ನಾ ಪ್ರವಾಸಿಗರಿಗೆ ತೋರಿಸೂವಾಗ ಇದನ್ನ ಹೇಳೇ ಹೇಳ್ತೀನಿ. ಆದ್ರ ಗಂಧರ್ವರು ದೇವರ ಗುಡಿಯವ್ರು, ವೀರಗಲ್ಲಿನ ಅಪ್ಸರೆಯರು ಸತ್ತವರ ಮನಿಯವ್ರು. ಎರಡನ್ನ ಕಲಸಬಾರದು.

ಮಾಸ್ತಿಕಲ್ಲಿನ ಮ್ಯಾಲೆ ಬಳಿ ತೊಟ್ಟ ಒಂದ ತೋಳು ಮ್ಯಾಲೆ ಎತ್ತಿರ್ತದ, ಅಷ್ಟ. ಮುಖ ಇರಬಹುದು, ಇಲ್ಲದೆಯೂ ಇರಬಹುದು. ಆ ತೋಳಿನ ಫೋಟೋ ತಗದು ಎಷ್ಟೋ ಮಂದಿ ಚಂದ ಅಂತಾರ. ಅದು ಬೆಂಕಿಗೆ ಹೋದವಳ ತೋಳು. ಚಂದ ಅನ್ನಲಿಕ್ಕೆ ನನ್ನ ನಾಲಗಿ ಏಳೂದಿಲ್ಲ.

ಕಾಯ್ದೆಯ ಮಾತೂ ಇರಲಿ: ಪುರಾತತ್ವ ಇಲಾಖೆಯ ಸ್ಮಾರಕದಾಗ ಟ್ರೈಪಾಡ್ ಇಡಬೇಕಂದ್ರ ಮೊದಲ ಪರವಾನಗಿ ತಗೋಬೇಕು. ಕೈಯಾಗಿನ ಕ್ಯಾಮೆರಾಕ್ಕ ತೊಂದರಿ ಇಲ್ಲ.

ಕೋಟೆಕೆರೆ ದಂಡೆ, ಬೆಳಗಾವಿ

ಅಪ್ಸರೆಯರ ವಿಷಯ ಓದಿ ಮೈ ಝುಂ ಅಂದಿತು ತಮ್ಮಾ. ನಮ್ಮ ತವರೂರಿನ ಹನುಮಪ್ಪನ ಗುಡಿ ಹಿಂದೆ ಅಂಥದ್ದೊಂದು ಕಲ್ಲಿದೆ. ಚಿಕ್ಕವರಿದ್ದಾಗ ಅದಕ್ಕೆ ಎಣ್ಣೆ ಹಾಕುತ್ತಿದ್ದೆವು. ಎಣ್ಣೆಯ ಜಿಡ್ಡಿನಡಿ ಯಾರು ಯಾರನ್ನು ಎತ್ತಿಕೊಂಡಿದ್ದಾರೆ ಅಂತ ನೋಡಿರಲಿಲ್ಲ.

ಜಿನೋವಾದ ಸ್ಟಾಲ್ಯೆನೊ ಸಿಮಿಟ್ರಿಯ ಬಗ್ಗೆ ಹೇಳದೆ ಬಿಟ್ಟಿದ್ದೆ. ಅದು 1851ರಲ್ಲಿ ತೆರೆದದ್ದು. ಅಲ್ಲಿ ಜೂಲಿಯೊ ಮೊಂಟೆವೆರ್ಡೆ 1882ರಲ್ಲಿ ಮಾಡಿದ ದೇವದೂತನ ಮುಂದೆ ಜನ ಸಾಲು ನಿಲ್ಲುತ್ತಾರೆ. ಕೈಯಲ್ಲಿ ಕಹಳೆ ಇದೆ, ಊದುತ್ತಿಲ್ಲ. ಕಣ್ಣು ಎತ್ತಲೋ ನೋಡುತ್ತಿದೆ. ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಕತೆರೀನಾ ಕಾಂಪೊದೊನಿಕೊ ಅನ್ನುವ ಮುದುಕಿಯ ಮುಂದೆ. ಜಾತ್ರೆ, ಸಂತೆಗಳಲ್ಲಿ ಬೀಜಗಳ ಸರ, ಸಿಹಿ ಬಿಲ್ಲೆ ಮಾರಿ ಕೂಡಿಟ್ಟ ದುಡ್ಡಿನಲ್ಲಿ, ಬದುಕಿದ್ದಾಗಲೇ, 1881ರಲ್ಲಿ ತನ್ನ ಮೂರ್ತಿ ಮಾಡಿಸಿಕೊಂಡವಳು. ಜರಿಯಂಚಿನ ಶಾಲು, ಕೈಯಲ್ಲಿ ಬೀಜದ ಸರ ಮತ್ತು ಬಿಲ್ಲೆ. ನಮ್ಮ ಶನಿವಾರ ಕೂಟದಲ್ಲಿ ಹೂ ಮಾರುವ ಅಜ್ಜಿಯ ಗತ್ತೇ ಅದು. ಅಲ್ಲಿಯ ಮೂರ್ತಿಗಳ ಮೇಲೆ ವರ್ಷಗಳ ಕರಿಧೂಳು ಕೂತಿದೆ. ಮೇಲ್ಮುಖವಾದ ಜಾಗವೆಲ್ಲ ಕಪ್ಪು, ಕೆಳಗಿನ ಮಡಿಕೆ ಬಿಳಿ. ಹಳೆಯ ಫಿಲಂ ನೆಗೆಟಿವ್ ನೋಡಿದಂತೆ ಇರುತ್ತದೆ. ಅದನ್ನು ತೆಗೆಯಲು ನನಗೆ ಎರಡು ದಿನ ಹಿಡಿಯಿತು.

ಅವಳ ಪೀಠದ ಮೇಲಿನ ಸಾಲುಗಳನ್ನು ಮಾತ್ರ ಪೂರ್ತಿ ತೆಗೆದುಕೊಂಡು ಬಂದಿದ್ದೇನೆ. ದೂರದೇಶದಲ್ಲಿ ಅಷ್ಟು ಜಾಗ್ರತೆ ಮಾಡಿದವಳು ನನ್ನ ಊರಿನ ಮಗುವಿಗೆ ಮಾಡಲಿಲ್ಲ. ಅದೇ ನನ್ನನ್ನು ಕೊರೆಯುತ್ತಿರುವುದು.

ಖಾನಾಪುರದವಳು

ಎಲ್ಲರೂ ಮೂರ್ತಿಯ ಬಗ್ಗೆ ಬರೀತಾ ಇದ್ದೀರಿ. ಗೋರಿ ಮುಂದೆ ನಿಂತವರ ಮಾತನ್ನೂ ಕೇಳಿ.

ನಮ್ಮ ಅಮ್ಮ ತೀರಿಕೊಂಡು ಆರು ವರ್ಷ. ನವೆಂಬರ್ 2, ಸತ್ತವರನ್ನು ನೆನೆಯುವ ದಿನ, ಗೋರಿಗಳಿಗೆಲ್ಲ ಹೂವು ಹಾಕಿ ಮೇಣದಬತ್ತಿ ಹಚ್ಚುತ್ತೇವೆ. ಕತ್ತಲಾದ ಮೇಲೆ ಸಿಮಿಟ್ರಿ ನೋಡಲು ಚೆಂದವೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅಮ್ಮನ ಮೊದಲ ವರ್ಷ ನಾನು ಅಳುತ್ತಾ ಕೂತಿದ್ದಾಗ ಯಾರೋ ಹಿಂದಿನಿಂದ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕಿದರು. ಅಮ್ಮನ ಹೆಸರು ಅದರಲ್ಲಿ ಸ್ಪಷ್ಟ ಕಾಣುತ್ತಿತ್ತು. ಮಾವಶಿಯ ಮಗಳು ಗೋವಾದಿಂದ ಫೋನ್ ಮಾಡಿ ಹೇಳಿದಾಗಲೇ ನನಗೆ ಗೊತ್ತಾದದ್ದು. ತೆಗೆಸಿ ಅಂತ ಬರೆದದ್ದಕ್ಕೆ ಇವತ್ತಿಗೂ ಉತ್ತರ ಬಂದಿಲ್ಲ.

ಗೋವಾದ ಬಹಳ ಊರುಗಳಲ್ಲಿ ಗೋರಿ ಕಾಯಂ ಇರುವುದೂ ಇಲ್ಲ. ಕೆಲವು ವರ್ಷ ಕಳೆದ ಮೇಲೆ ಎಲುಬುಗಳನ್ನು ತೆಗೆದು ಬೇರೆ ಕಡೆ ಇಡುತ್ತಾರೆ, ಅದೇ ಕುಣಿಯಲ್ಲಿ ಇನ್ನೊಬ್ಬರು. ಅಲ್ಲಿ ದೇವದೂತ ಎಲ್ಲಿಂದ ಬರಬೇಕು? ಕಟ್ಟಿಗೆಯ ಶಿಲುಬೆ, ಅದರ ಮೇಲೆ ಬಣ್ಣದಲ್ಲಿ ಬರೆದ ಹೆಸರು, ಅಷ್ಟೇ. ಆ ಹೆಸರು ನಮ್ಮದು. ಕೇಳದೆ ತೆಗೆಯಬೇಡಿ. ಮತ್ತೆ ಆ್ಯಂಗಲ್ ಹುಡುಕುತ್ತಾ ಪಕ್ಕದ ಗೋರಿಯ ಮೇಲೆ ಕಾಲಿಡುತ್ತೀರಲ್ಲ, ಅದನ್ನೂ ಬಿಡಿ.

ಓರೆ ಬೆಳಕು, ಬಾಗಲಕೋಟೆ

ಅಕ್ಕಾ, ನಿಮಗಾದದ್ದು ತಪ್ಪು. ನಾನೂ ಒಮ್ಮೆ ದೂರದಿಂದ ಝೂಮ್ ಹಾಕಿ ಇಂಥದ್ದೇ ಫೋಟೋ ತೆಗೆದಿದ್ದೇನೆ, ಎಲ್ಲೂ ಹಾಕಲಿಲ್ಲ ಅಷ್ಟೇ. ಈ ರಾತ್ರಿ ಅದನ್ನು ಅಳಿಸುತ್ತೇನೆ.

ಕೋಟೆಕೆರೆ ದಂಡೆ, ಬೆಳಗಾವಿ

ನಿಮ್ಮ ಮಾತು ಎರಡು ಸಲ ಓದಿದೆ. ನನ್ನದೊಂದು ಲೆಕ್ಕ ಇತ್ತು: ಮೂರ್ತಿಯ ಮುಖ ಮಾತ್ರ ತೆಗೆದರೆ, ಹೆಸರು ಬಿಟ್ಟರೆ, ಯಾರಿಗೂ ನೋವಾಗುವುದಿಲ್ಲ ಅಂತ. ನೀವು ಹೇಳಿದ್ದು ನೋಡಿದರೆ ಹೊಸ ಗೋರಿಗಳ ಮಟ್ಟಿಗೆ ಅದು ಸರಿ. ಆದರೆ ನೂರೈವತ್ತು ವರ್ಷದ ಗೋರಿಯ ಮುಂದೆ ಅಳುವವರು ಯಾರೂ ಇಲ್ಲ, ಹೂವಿಡುವವರಿಲ್ಲ. ಅಲ್ಲಿ ಹೆಸರು ಬಿಟ್ಟರೆ ಆ ಮಗು ಇತ್ತು ಅನ್ನುವುದಕ್ಕೆ ಗುರುತೇ ಉಳಿಯುವುದಿಲ್ಲ. ರೋಮಿನ ಅದೇ ಸಿಮಿಟ್ರಿಯಲ್ಲಿ 1821ರಲ್ಲಿ ತೀರಿಕೊಂಡ ಕವಿ ಕೀಟ್ಸನ ಕಲ್ಲಿದೆ. ಅದರ ಮೇಲೆ ಅವನ ಹೆಸರಿಲ್ಲ, ಅವನೇ ಬೇಡ ಅಂದಿದ್ದ. ಪಕ್ಕದಲ್ಲಿ ಅವನ ಗೆಳೆಯ ಸೆವರ್ನನ ಗೋರಿ ಇದೆ, ಕೀಟ್ಸನ ಹೆಸರನ್ನು ಆ ಕಲ್ಲು ಹೇಳುತ್ತದೆ. ಬೆಳಗಾವಿಯ ಈ ಮಗುವಿಗೆ ಪಕ್ಕದ ಕಲ್ಲೂ ಇಲ್ಲ.

ಹಾಗಾಗಿ ಈಗ ನಾನು ಹೀಗೆ ಮಾಡುತ್ತೇನೆ. ಗೋರಿ ಹಳೆಯದಾದರೆ ಮೊದಲು ಅಕ್ಷರ, ಆಮೇಲೆ ಇಡೀ ಗೋರಿ ಸುತ್ತಲಿನ ಜಾಗದ ಸಮೇತ, ಕೊನೆಗೆ ಮೂರ್ತಿ. ಗೋರಿ ಹೊಸದಾದರೆ, ಅಥವಾ ಬಾಡದ ಹೂವು ಕಂಡರೆ, ಕ್ಯಾಮೆರಾ ಚೀಲದಲ್ಲೇ ಇರುತ್ತದೆ. ಮಣ್ಣು ಮಾಡಲು ಜನ ಬಂದಿದ್ದರೆ ಗೇಟಿನಿಂದಲೇ ವಾಪಸ್.

ಖಾನಾಪುರದವಳು

ಇದು ಸರಿ ಅನಿಸಿತು. ಆ ಮಗುವಿನ ಹೆಸರು ಸಿಗಲಿ.

ಹಳೇ ಉಳಿ, ಗೋಕಾಕ

ತಂಗೀ, ನಾ ಕಲ್ಲಿನ ಕೆಲಸ ಮಾಡಿದಾವ. ಗದ್ದಿಗಿ, ಗೋರಿ, ಗುಡಿ ಎಲ್ಲಾ ಮಾಡೀನಿ. ಈಗ ಕಣ್ಣ ಮಂದ ಆಗ್ಯಾವ, ಮೊಮ್ಮಗ ಬರಕೊಡಾಕತ್ತಾನ.

ನೀ ಮೊದಲ ಬರದದ್ದರಾಗ ಒಂದ ಮಾತ ಐತಿ. "ಕಪ್ಪು ಅಕ್ಷರ ಇದ್ದುವು" ಅಂದಿ. ಕೆತ್ತಿದ ಅಕ್ಷರ ಹಂಗ ಪೂರಾ ಅಳಿಯೂದಿಲ್ಲ. ಬಿಳಿ ಕಲ್ಲಿನಾಗ ಅಂಥಾ ಕಪ್ಪ ಅಕ್ಷರ ಅಂದ್ರ ಅದು ಸೀಸ. ಆಗಿನ ಮಂದಿ ಅಕ್ಷರದ ಆಕಾರ ತಗ್ಗ ಮಾಡಿ, ತಗ್ಗಿನ ಒಳಗ ಸಣ್ಣ ಸಣ್ಣ ತೂತ ಕೊರದು, ಸೀಸ ಬಡದು ಕೂಡಸ್ತಿದ್ರು. ತೂತಿನಾಗ ಸೀಸ ಇಳಿದ್ರ ಮೊಳಿ ಹೊಡದಂಗ ಹಿಡಕೊಂತೈತಿ. ನೂರ ವರ್ಷ ಮಳಿ ಹೊಡದು ಕಲ್ಲಿನ ಮೈ ಸಕ್ರಿಯಂಗ ಉದುರಿದ್ರ ಸೀಸ ಸಡಲ ಆಗಿ ಬೀಳತೈತಿ, ಇಲ್ಲಾ ಯಾರರ ಕಿತ್ತಕೊಂಡ ಹೋಗ್ತಾರ. ಮ್ಯಾಲಿನ ತಗ್ಗ ಸವೀತೈತಿ. ಆದ್ರ ತೂತ ಆಳ ಇರ್ತಾವ, ಅವು ಹೋಗೂದಿಲ್ಲ.

ಎದರಾ ನೋಡಿದ್ರ ಕಾಣೂದಿಲ್ಲ, ಮಣ್ಣ ತುಂಬಿರತೈತಿ. ಮ್ಯಾಲೆ ಒಬ್ಬಾಂವ ಕನ್ನಡಿ ಮಾತ ಹೇಳ್ಯಾನಲ್ಲ, ಹಂಗ ಮಾಡ. ಚುಕ್ಕಿ ಕಾಣತಾವ. ಹೆಣ್ಣಮಕ್ಕಳಿಗೆ ನಾ ಹೇಳಬೇಕೇನು, ಚುಕ್ಕಿ ಕೂಡಿಸಿದ್ರ ರಂಗೋಲಿ.

ಬಿಳಿಜೋಳ, ವಿಜಯಪುರ

ಕಾಕಾರ, ನಿಮಗ ದೊಡ್ಡ ನಮಸ್ಕಾರ.

ಪತ್ರಾಗಾರ, ಬೆಳಗಾವಿ

ಒಂದು ಸೇರಿಸುತ್ತೇನೆ. 1818ರಲ್ಲಿ ಕೋಟೆ ಕಂಪನಿಯ ಕೈಗೆ ಹೋದ ಮೇಲೆ ಬೆಳಗಾವಿ ಮುಂಬೈ ಪ್ರೆಸಿಡೆನ್ಸಿಯಲ್ಲಿತ್ತು. ಆ ಪ್ರೆಸಿಡೆನ್ಸಿಯ ಚರ್ಚುಗಳಲ್ಲಿ ಆದ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದರ ದಾಖಲೆಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. 1976ರಿಂದ ಬ್ಯಾಕ್ಸಾ ಅನ್ನುವ ಸಂಸ್ಥೆಯೂ ದಕ್ಷಿಣ ಏಷ್ಯಾದ ಇಂಥ ಗೋರಿಗಳ ಬರಹ ಕೂಡಿಸುತ್ತಿದೆ. ಪೂರ್ತಿ ಹೆಸರು ಸಿಗದಿದ್ದರೂ ಮಗುವಿನ ವಯಸ್ಸು, ತಿಂಗಳು, ವರ್ಷ ಓದಲು ಬಂದರೆ ಸಾಕು. ಆ ಪತ್ರ ಬರೆದವರು ಅಲ್ಲಿಯೇ ಹೋಗಿ ತಾಳೆ ನೋಡಬಹುದು.

ಕೋಟೆಕೆರೆ ದಂಡೆ, ಬೆಳಗಾವಿ

ಇವತ್ತು ಭಾನುವಾರ, ಬೆಳಗ್ಗೆ ಏಳಕ್ಕೆ ಹೋಗಿದ್ದೆ. ಕಾವಲುಗಾರರನ್ನು ಕೇಳಿಯೇ ಒಳಗೆ ಹೋದೆ. ಕಪ್ಪು ಕೊಡೆ ನಾನು ಹಿಡಿದೆ, ಕನ್ನಡಿಯನ್ನು ಅವರ ಹೆಂಡತಿ ಹಿಡಿದರು. ಮೊದಲ ಹತ್ತು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಅವರು ಬೇಸತ್ತು ಕನ್ನಡಿಯನ್ನು ಸ್ವಲ್ಪ ಕೆಳಗಿಳಿಸಿದರು ನೋಡಿ, ಕಲ್ಲಿನ ತುಂಬ ಚುಕ್ಕಿ! ಸಾಸಿವೆ ಕಾಳು ಚೆಲ್ಲಿದ ಹಾಗೆ, ಆದರೆ ಸಾಲು ಹಿಡಿದು. ಕಾವಲುಗಾರರ ಹೆಂಡತಿ "ಅವ್ವಯ್ಯ" ಅಂದರು. ನನ್ನ ಕೈ ನಡುಗಿ ಮೊದಲ ಮೂರು ಫೋಟೋ ಅಲುಗಿವೆ.

ಒಟ್ಟು ನಾಲ್ಕು ಸಾಲು. ಮನೆಗೆ ಬಂದು ಫೋಟೋವನ್ನು ಕಾಗದದ ಮೇಲೆ ಮುದ್ರಿಸಿ ಪೆನ್ಸಿಲ್ಲಿನಲ್ಲಿ ಚುಕ್ಕಿ ಕೂಡಿಸುತ್ತಾ ಕೂತಿದ್ದೇನೆ. ಮೂರನೇ ಸಾಲು ಪೂರ್ತಿ ಬಂತು: ವಯಸ್ಸು 2 ವರ್ಷ 4 ತಿಂಗಳು. ನಾಲ್ಕನೆಯದರಲ್ಲಿ ಜೂನ್ ಅಂತ ಇದೆ, ವರ್ಷದ ಕೊನೆಯ ಅಂಕೆ ಇನ್ನೂ ಆಗಿಲ್ಲ. ಎರಡನೆಯದು ಮಗುವಿನ ಹೆಸರು. ಇಂಗ್ಲಿಷಿನ ಐದು ಅಕ್ಷರ. ಕೊನೆಯ ಎರಡು ಎನ್ ಮತ್ತು ಎ ಅಂತ ಹೇಳಬಲ್ಲೆ. ಮೊದಲನೆಯದು ಇ ಇರಬೇಕು, ಇಲ್ಲವೇ ಎಫ್. ಕೆಳಗಿನ ಬಲ ಮೂಲೆಯಲ್ಲಿ ಒಂದು ಚುಕ್ಕಿ ಇದ್ದರೆ ಇ, ಇಲ್ಲದಿದ್ದರೆ ಎಫ್. ಅಲ್ಲಿ ಒಂದು ಕಪ್ಪು ಗುರುತಿದೆ, ಅದು ಮಣ್ಣು ತುಂಬಿದ ತೂತೋ ಪಾಚಿಯ ಕಲೆಯೋ ಫೋಟೋದಲ್ಲಿ ತಿಳಿಯುತ್ತಿಲ್ಲ. ನಾಳೆ ಬೆಳಗ್ಗೆ ಸೂಜಿ ತೆಗೆದುಕೊಂಡು ಹೋಗಲೇ?

ಹಳೇ ಉಳಿ, ಗೋಕಾಕ

ಸೂಜಿ ಬ್ಯಾಡ ತಂಗೀ. ಕಬ್ಬಿಣ ಮುಟ್ಟಸಬ್ಯಾಡ, ಅಂಚ ಮುರದು ಹೊಸಾ ತೂತ ಆದೀತು, ಆಮ್ಯಾಲೆ ಖರೇ ಯಾವುದು ತಿಳಿಯೂದಿಲ್ಲ. ಬಿದಿರ ಕಡ್ಡಿ ನೆನೆಸಿ ಇಟ್ಟಿರ, ಒಂದ ತಂಬಗಿ ಶುದ್ಧ ನೀರ ಇರಲಿ. ಬರೂ ಭಾನುವಾರ ಮೊಮ್ಮಗನ ಗಾಡಿ ಮ್ಯಾಲೆ ನಾನ ಬರ್ತೀನಿ. ಕಣ್ಣ ಮಂದ ಆದ್ರೂ ಬೆರಳಿಗೆ ತೂತ ತಿಳೀತೈತಿ.